ತಿಂಗಳ ಕೊನೆಯ ವಾರ: ಅಡುಗೆಮನೆಯಲ್ಲಿ ಮೊದಲು ಏನನ್ನು ಕಡಿಯಬಾರದು

ಕೈಯಲ್ಲಿ ದುಡ್ಡು ಕಡಿಮೆಯಾದಾಗ ದಿನಸಿ ಚೀಟಿಯಲ್ಲಿ ಮೊದಲು ಗೀಟು ಬೀಳುವುದು ಬೇಳೆಯ ಮೇಲೆ. ಅಕ್ಕಿ, ಗೋಧಿಹಿಟ್ಟು, ಚಹಾಪುಡಿ, ಸಕ್ಕರೆ ಹಾಗೇ ಉಳಿಯುತ್ತವೆ. ಒಂದು ಕಿಲೋ ತೊಗರಿಬೇಳೆ ಅರ್ಧ ಕಿಲೋ ಆಗುತ್ತದೆ, ಶೇಂಗಾ ‘ಮುಂದಿನ ತಿಂಗಳು ನೋಡೋಣ’ ಆಗುತ್ತದೆ. ಇದಕ್ಕೊಂದು ಸರಳ ಕಾರಣವಿದೆ. ಅಂಗಡಿಯ ಹಲಗೆಯ ಮೇಲೆ ದರವಿರುವುದು ಕಿಲೋ ಲೆಕ್ಕದಲ್ಲಿ. ಆ ಲೆಕ್ಕದಲ್ಲಿ ಅಕ್ಕಿ ಅಗ್ಗ, ಬೇಳೆ ತುಟ್ಟಿ. ಆದರೆ ನಾವು ಉಣ್ಣುವುದು ಕಿಲೋಗಳನ್ನಲ್ಲ. ದಿನವಿಡೀ ನಿಂತು ಕೆಲಸ ಮಾಡುವ ಮೈಗೆ ಬೇಕಾದ ಕಸುವು ಎಷ್ಟು ರೂಪಾಯಿಗೆ ಸಿಗುತ್ತದೆ ಎಂದು ಲೆಕ್ಕ ಹಾಕಿದರೆ ಚೀಟಿಯ ಕ್ರಮ ತಿರುವುಮುರುವಾಗುತ್ತದೆ. ಕಷ್ಟಕಾಲದಲ್ಲಿ ಕೊನೆಗೆ ಕಡಿಯಬೇಕಾದದ್ದು ಕಾಳು, ಬೇಳೆ ಮತ್ತು ಶೇಂಗಾ. ಕಡಿಯಬಹುದಾದವು ಬೇರೆಯೇ ಇವೆ. ಮನೆಯಲ್ಲಿ ಇದ್ದದ್ದರಲ್ಲೇ ಹೊಂದಿಸಿ ಮಾಡುವ ಅಡುಗೆ ಹೊಟ್ಟೆ ತುಂಬಿಸುವುದರ ಜೊತೆಗೆ ಮೈಯನ್ನೂ ಹಿಡಿಯಬೇಕಾದರೆ ಈ ಒಂದು ಮಾತಿನಿಂದ ಹೊರಡಬೇಕು.

ಪುಣೆಯ ಕ್ಯಾಂಪಿನಂಥ ಜಾಗದಲ್ಲಿ ಈ ಮಾತು ಇನ್ನಷ್ಟು ಅಗತ್ಯ. ಪುಣೆಗೆ ಕನ್ನಡಿಗರು ಬರುವುದು ಹಲವು ದಾರಿಗಳಲ್ಲಿ. ಕಲಬುರಗಿ, ವಿಜಯಪುರ, ಬೀದರಗಳಿಂದ ಕಟ್ಟಡದ ಕೆಲಸಕ್ಕೆ ಬಂದವರಿದ್ದಾರೆ. ಉಡುಪಿ, ದಕ್ಷಿಣ ಕನ್ನಡದಿಂದ ಹೋಟೆಲಿಗೆ ಬಂದವರಿದ್ದಾರೆ. ಓದಲು, ಅಂಗಡಿಯಲ್ಲಿ ನಿಲ್ಲಲು, ಕಂಪನಿಯಲ್ಲಿ ದುಡಿಯಲು ಬಂದು ನಾಲ್ಕೈದು ಮಂದಿ ಒಂದೇ ಕೋಣೆಯಲ್ಲಿರುವವರೂ ಇದ್ದಾರೆ. ಕ್ಯಾಂಪಿನ ಬೀದಿಗಳಲ್ಲಿ ಹೊಟ್ಟೆ ತುಂಬಿಸುವುದು ಸುಲಭ. ಮಹಾತ್ಮ ಗಾಂಧಿ ರಸ್ತೆ, ಈಸ್ಟ್ ಸ್ಟ್ರೀಟ್, ಸೆಂಟರ್ ಸ್ಟ್ರೀಟ್‌ಗಳ ಆಸುಪಾಸಿನಲ್ಲಿ ಬೇಕರಿ, ಇರಾನಿ ಚಹಾ, ವಡಾಪಾವ್ ಗಾಡಿ ಎಲ್ಲ ಕೈಗೆಟಕುವ ದೂರದಲ್ಲೇ ಇವೆ. ತೊಂದರೆ ಇರುವುದು ಇಲ್ಲೇ. ಸುಲಭವಾಗಿ ಸಿಗುವುದೆಲ್ಲ ಮೈದಾ, ಆಲೂಗಡ್ಡೆ, ಸಕ್ಕರೆ, ಎಣ್ಣೆ. ವಡಾಪಾವಿನಲ್ಲಿ ಕಡಲೆಹಿಟ್ಟು ಇದೆ ನಿಜ, ಆದರೆ ಬರೀ ಹೊದಿಕೆಯಷ್ಟು.

ಲೆಕ್ಕ ಮಾಡಿ ನೋಡೋಣ. ದರಗಳು ವಾರವಾರಕ್ಕೆ ಬದಲಾಗುತ್ತವೆ, ಆದ್ದರಿಂದ ಕೆಳಗಿನವನ್ನು ಅಂದಾಜು ಎಂದೇ ಹಿಡಿದು ನಿಮ್ಮ ಅಂಗಡಿಯ ದರ ಹಾಕಿಕೊಂಡು ಮತ್ತೆ ಗುಣಿಸಿ. ಕಡಲೆಬೇಳೆ ಕಿಲೋಗೆ 90 ರೂಪಾಯಿ ಎಂದಿಟ್ಟುಕೊಂಡರೆ, ಅದರ 100 ಗ್ರಾಮಿನಲ್ಲಿ ಸುಮಾರು 21 ಗ್ರಾಂ ಪ್ರೋಟೀನ್ ಇರುವುದರಿಂದ 10 ಗ್ರಾಂ ಪ್ರೋಟೀನಿಗೆ ನಾಲ್ಕು ರೂಪಾಯಿ ಚಿಲ್ಲರೆ ಬೀಳುತ್ತದೆ. 130ರ ತೊಗರಿಬೇಳೆಯಲ್ಲೂ 140ರ ಶೇಂಗಾದಲ್ಲೂ ಅದೇ 10 ಗ್ರಾಮಿಗೆ ಆರು ರೂಪಾಯಿ. ಏಳು ರೂಪಾಯಿಯ ಮೊಟ್ಟೆಯಲ್ಲಿ ಹತ್ತಿರ ಹತ್ತಿರ 11 ರೂಪಾಯಿ, 58ರ ಲೀಟರ್ ಹಾಲಿನಲ್ಲಿ 18, ನಾನೂರರ ಪನೀರಿನಲ್ಲಿ 20ಕ್ಕೂ ಮೇಲೆ. ಮಕ್ಕಳಿಗೆಂದು ತರುವ ಗ್ಲೂಕೋಸ್ ಬಿಸ್ಕತ್ತನ್ನು ಇದೇ ತಕ್ಕಡಿಗೆ ಹಾಕಿದರೆ ಅದು ಪನೀರಿನ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಸೋಯಾ ಚಂಕ್ಸ್ ಎಲ್ಲಕ್ಕಿಂತ ಅಗ್ಗ. ಅದರ ಅರ್ಧ ಭಾಗ ಪ್ರೋಟೀನೇ ಆದ್ದರಿಂದ 10 ಗ್ರಾಮಿಗೆ ಮೂರು ರೂಪಾಯಿಯೂ ಆಗದು. ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ: 50 ರೂಪಾಯಿಯ ಅಕ್ಕಿಯಲ್ಲಿ 10 ಗ್ರಾಂ ಪ್ರೋಟೀನಿಗೆ ಆರು ರೂಪಾಯಿ ಮೇಲಾಗುತ್ತದೆ. ಅಂದರೆ ‘ತುಟ್ಟಿ’ ಎಂದು ಬಿಟ್ಟ ಕಡಲೆಬೇಳೆ ‘ಅಗ್ಗ’ ಎಂದು ಉಳಿಸಿಕೊಂಡ ಅಕ್ಕಿಗಿಂತ ಈ ಲೆಕ್ಕದಲ್ಲಿ ಸಸ್ತಾ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಶಿಫಾರಸಿನಂತೆ ಬೆಳೆದವರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಗುವವರಿಗೆ ಹೆಚ್ಚುಕಮ್ಮಿ 46 ಗ್ರಾಂ. ಇದನ್ನು ಪೂರೈಸಲು ಶ್ರೀಮಂತಿಕೆ ಬೇಡ, ಚೀಟಿ ಬರೆಯುವ ಕ್ರಮ ಬದಲಾದರೆ ಸಾಕು.

‘ಬಡವರ ಹೊಟ್ಟೆಗೆ ಧಾನ್ಯವಿದ್ದರೆ ಆಯಿತು’ ಎಂಬ ವಾದ ಹೊಸದೇನಲ್ಲ. ಅದಕ್ಕೆ ಇದೇ ಪುಣೆಯಲ್ಲಿ ಒಮ್ಮೆ ಉತ್ತರ ಸಿಕ್ಕಿತ್ತು. 1876ರಲ್ಲಿ ಮಳೆ ಕೈಕೊಟ್ಟು ಪುಣೆ, ಸೊಲ್ಲಾಪುರ, ಕಲಾದಗಿ, ಬೆಳಗಾವಿ, ಧಾರವಾಡ ಎಲ್ಲ ಬರಕ್ಕೆ ಸಿಕ್ಕಿದವು; ಆಗ ಇವೆಲ್ಲ ಒಂದೇ ಮುಂಬಯಿ ಪ್ರಾಂತದ ಜಿಲ್ಲೆಗಳು. 1877ರಲ್ಲಿ ವೈಸರಾಯ್ ಲಿಟ್ಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್ ಬರಪರಿಹಾರದ ಕಾಮಗಾರಿಯಲ್ಲಿ ಕಲ್ಲು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಮೇಲೊಂದಿಷ್ಟು ಚಿಲ್ಲರೆ ಸಾಕೆಂದು ಗೊತ್ತುಮಾಡಿದ. ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದನ್ನು ಖಂಡಿಸಿದ. ಧಾನ್ಯ ಅಷ್ಟು ಸಾಲದು, ಅದರ ಜೊತೆಗೆ ಬೇಳೆ, ತರಕಾರಿಯೂ ಬೇಕು ಎಂಬುದು ಅವನ ವಾದ. ಮುಂಬಯಿ ಪ್ರಾಂತದಲ್ಲಿ ಸಾವಿರಾರು ಜನ ಕಾಮಗಾರಿ ಬಿಟ್ಟು ಹೊರನಡೆದರು. 1870ರಲ್ಲಿ ಸ್ಥಾಪನೆಯಾಗಿದ್ದ ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರ್ಕಾರಕ್ಕೆ ಮನವಿಯ ಮೇಲೆ ಮನವಿ ಬರೆಯಿತು. ನೂರೈವತ್ತು ವರ್ಷದ ಹಿಂದಿನ ಆ ಜಗಳದ ತಿರುಳು ಇವತ್ತಿನ ದಿನಸಿ ಚೀಟಿಯಲ್ಲೂ ಇದೆ. ಬೇಳೆಯ ಮೇಲೆ ಗೀಟು ಎಳೆಯುವಾಗ ನಾವು ಗೊತ್ತಿಲ್ಲದೆ ಟೆಂಪಲ್ ಸಾಹೇಬನ ಕಡೆ ಸೇರುತ್ತೇವೆ.

ಧಾನ್ಯಕ್ಕೆ ಕಾಳು ಜೊತೆಯಾಗಬೇಕೆಂಬುದಕ್ಕೆ ಕಾರಣ ಇಷ್ಟೇ: ಜೋಳ, ಗೋಧಿ, ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಅದು ಬೇಳೆಕಾಳುಗಳಲ್ಲಿ ಹೇರಳ; ಬೇಳೆಯಲ್ಲಿ ಕಡಿಮೆಯಿರುವ ಮಿಥಿಯೋನಿನ್ ಧಾನ್ಯದಲ್ಲಿದೆ. ಎರಡೂ ಒಂದೇ ದಿನದ ಊಟದಲ್ಲಿ ಬಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. 1950ರಲ್ಲಿ ಮೈಸೂರಿನಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅದೇ ನಮ್ಮ ಸಿಎಫ್‌ಟಿಆರ್‌ಐ, ಪೋಷಣೆಯ ಕೊರತೆಗೆಂದು ‘ಬಹೂಪಯೋಗಿ ಆಹಾರ’ವೊಂದನ್ನು ರೂಪಿಸಿತು. ಅದರ ಮೈಯೆಲ್ಲ ಶೇಂಗಾಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು; ಮೇಲೆ ಜೀವಸತ್ವ ಮತ್ತು ಸುಣ್ಣದಂಶ. ವಿಜಯಪುರದ ಅಜ್ಜಿಗೆ ಇದನ್ನು ತೋರಿಸಿದ್ದರೆ ‘ಖಾರ ಯಾಕ ಹಾಕಿಲ್ಲ’ ಎಂದು ಕೇಳುತ್ತಿದ್ದಳು. ಬರ ಕಂಡ ಸೀಮೆಯ ತಟ್ಟೆ ಹೀಗೆಯೇ ಕಟ್ಟಿಕೊಂಡು ಬಂದದ್ದು: ಬಿಳಿಜೋಳದ ರೊಟ್ಟಿ, ಕಡಲೆಹಿಟ್ಟಿನ ಜುಣಕ ಇಲ್ಲವೆ ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಜೊತೆಗೆ ಹಸಿ ಈರುಳ್ಳಿ ಅಥವಾ ಹಕ್ಕರಕಿಯಂಥ ಹಸಿ ಸೊಪ್ಪು.

ಈ ತಟ್ಟೆಯಲ್ಲಿ ನಾಲ್ಕು ಜಾಗಗಳಿವೆ ಎಂದುಕೊಳ್ಳಿ: ಧಾನ್ಯದ್ದೊಂದು, ಕಾಳಿನದೊಂದು, ಹಿಂಡಿಯದೊಂದು, ಹಸಿಯದೊಂದು. ಹೊಂದಿಸಿ ಅಡುಗೆ ಮಾಡುವುದೆಂದರೆ ಜಾಗ ಖಾಲಿ ಬಿಡದೆ ಅದರಲ್ಲಿ ಕೂರುವುದನ್ನು ಬದಲಿಸುವುದು. ಜೋಳ ಮುಗಿದರೆ ಗೋಧಿ, ಗೋಧಿ ಇಲ್ಲದಿದ್ದರೆ ಅನ್ನ, ಅದೂ ಬೇಡವಾದರೆ ನಿನ್ನೆಯ ಪಾವ್. ತೊಗರಿ ತುಟ್ಟಿಯಾದರೆ ಕಡಲೆಬೇಳೆ, ಇಲ್ಲವೆ ಮಡಕಿ, ಹುರಳಿ. ಅಡುಗೆ ಪುಸ್ತಕಗಳು ‘ಇದು ಬೇಕು, ಇದು ಬೇಕು’ ಎಂದು ಪಟ್ಟಿ ಕೊಟ್ಟು ನಿಮ್ಮನ್ನು ಅಂಗಡಿಗೆ ಓಡಿಸುತ್ತವೆ. ಇಲ್ಲಿ ಪಟ್ಟಿ ಶುರುವಾಗುವುದು ಡಬ್ಬಿಯಲ್ಲಿ ಏನಿದೆ ಎಂಬುದರಿಂದ. ಆದ್ದರಿಂದ ಸಂಬಳದ ವಾರದಲ್ಲೇ ಡಬ್ಬಿಗೆ ಬೀಳಬೇಕಾದವು ಧಾನ್ಯ, ಎರಡು ಬಗೆಯ ಬೇಳೆಕಾಳು, ಶೇಂಗಾ, ಎಣ್ಣೆ, ಉಪ್ಪು, ಖಾರಪುಡಿ, ಹುಣಸೆಹಣ್ಣು. ಇವಿದ್ದರೆ ತಿಂಗಳ ಇಪ್ಪತ್ತೆಂಟನೆಯ ದಿನವೂ ಊಟ ಆಗುತ್ತದೆ. ತರಕಾರಿ ಮಾತ್ರ ದಿನದ ಖರ್ಚು. ಅದು ಹೆಚ್ಚಾಗಬಹುದು, ಕಡಿಮೆಯೂ ಆಗಬಹುದು.

ಜುಣಕವನ್ನೇ ತೆಗೆದುಕೊಳ್ಳಿ, ಹೊಂದಿಸುವ ವಿದ್ಯೆಗೆ ಅದರಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ನಾಲ್ಕು ಮಂದಿಗೆ 100 ಗ್ರಾಂ ಕಡಲೆಹಿಟ್ಟು, ಅಂದರೆ ಮಟ್ಟಸವಾದ ಒಂದು ಲೋಟ, ಸಾಕು. ಒಂದೂವರೆ ಚಮಚ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಎರಡು ಈರುಳ್ಳಿ ಹಾಕಿ, ಈರುಳ್ಳಿ ಮೆತ್ತಗಾದ ಮೇಲೆ ಅರಿಶಿನ, ಖಾರ, ಉಪ್ಪು ಸೇರಿಸಿ ಎರಡೂವರೆ ಲೋಟ ನೀರು ಹೊಯ್ಯಿರಿ. ನೀರು ಕುದಿಯುವಾಗ ಹಿಟ್ಟನ್ನು ಉದುರಿಸುತ್ತ ಇನ್ನೊಂದು ಕೈಯಲ್ಲಿ ತಿರುವಬೇಕು; ಗಂಟಾಗುವ ಭಯವಿದ್ದರೆ ಹಿಟ್ಟನ್ನು ಮೊದಲೇ ಅರ್ಧ ಲೋಟ ತಣ್ಣೀರಿನಲ್ಲಿ ಕಲಸಿ ಹೊಯ್ಯಿರಿ. ಉರಿ ಸಣ್ಣ ಮಾಡಿ ಮುಚ್ಚಿ ಐದಾರು ನಿಮಿಷ ಬೇಯಿಸಿದರೆ ಹಸಿ ವಾಸನೆ ಹೋಗುತ್ತದೆ. ನೀರು ಹೆಚ್ಚಿಸಿದರೆ ಅನ್ನಕ್ಕೆ ಕಲಸುವ ಪಿಠಲೆ, ಕಡಿಮೆ ಮಾಡಿ ತಟ್ಟೆಗೆ ಹರವಿ ಕೊಯ್ದರೆ ಜುಣಕದ ವಡಿ. ಈರುಳ್ಳಿ ತುಟ್ಟಿಯಾದ ವಾರ ಅದರ ಜಾಗಕ್ಕೆ ಈರುಳ್ಳಿ ತಪ್ಪಲು, ಎಲೆಕೋಸು, ಮೆಂತೆ, ಮೂಲಂಗಿಯ ಸೊಪ್ಪು ಯಾವುದಾದರೂ ನಡೆಯುತ್ತದೆ. ಹುಳಿ ಮಜ್ಜಿಗೆ ಉಳಿದಿದ್ದರೆ ಅರ್ಧ ನೀರಿನ ಬದಲು ಅದನ್ನೇ ಹೊಯ್ಯಬಹುದು.

ಈಗ ಪೂರ್ತಿ ಊಟದ ಖರ್ಚು. ನಾಲ್ಕು ಜನರ ರೊಟ್ಟಿಗೆ 600 ಗ್ರಾಂ ಜೋಳದ ಹಿಟ್ಟು 39 ರೂಪಾಯಿ, ಕಡಲೆಹಿಟ್ಟು 10, ಈರುಳ್ಳಿ 6, ಶೇಂಗಾ ಹಿಂಡಿಗೆ 60 ಗ್ರಾಂ ಶೇಂಗಾ 8ರಿಂದ 9, ಅರ್ಧ ಕಟ್ಟು ಸೊಪ್ಪು 8, ಎಣ್ಣೆ 3, ಉಪ್ಪು–ಖಾರ 3. ಗ್ಯಾಸನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಬೇಕು: 14.2 ಕಿಲೋ ಸಿಲಿಂಡರಿಗೆ 850 ಎಂದರೆ ಕಿಲೋಗೆ 60 ಆಯಿತು, ರೊಟ್ಟಿ–ಜುಣಕಕ್ಕೆ ಮುಕ್ಕಾಲು ಗಂಟೆ ಒಲೆ ಉರಿದರೆ 150 ಗ್ರಾಂ ಹೋದರೂ 9 ರೂಪಾಯಿ. ಎಲ್ಲ ಕೂಡಿ 86–87, ತಲೆಗೆ 22ರ ಒಳಗೆ. ಒಬ್ಬೊಬ್ಬರಿಗೆ ಸಿಗುವ ಪ್ರೋಟೀನ್ ಸುಮಾರು 24 ಗ್ರಾಂ, ಅಂದರೆ ದಿನದ ಬೇಡಿಕೆಯ ಅರ್ಧ ಒಂದೇ ಊಟದಲ್ಲಿ. ‘ಮನೆಯಲ್ಲಿ ಮಾಡುವುದಕ್ಕಿಂತ ಎರಡು ವಡಾಪಾವ್ ತಿಂದರೆ ಅಗ್ಗ’ ಎನ್ನುವವರು ಇದನ್ನು ಆ ಎರಡು ವಡಾಪಾವಿನ ಬಿಲ್ಲಿನ ಪಕ್ಕ ಇಟ್ಟು ನೋಡಲಿ. ಒಬ್ಬನೇ ಇರುವವನಿಗೆ, ಒಂದೇ ಹೊತ್ತಿಗೆ ಎಂದಾದರೆ ಅವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ; ಒಬ್ಬನ ಅಡುಗೆಗೂ ಒಲೆ ಬಹುತೇಕ ಅಷ್ಟೇ ಹೊತ್ತು ಉರಿಯುತ್ತದೆ. ಅದಕ್ಕೇ ಕೋಣೆಯ ನಾಲ್ವರು ನಾಲ್ಕು ಕಡೆ ತಿನ್ನುವುದನ್ನು ಬಿಟ್ಟು ಒಂದು ಒಲೆಗೆ ಬರುವುದು ಎಲ್ಲ ಉಳಿತಾಯಗಳಲ್ಲಿ ಮೊದಲನೆಯದು.

ತರಕಾರಿಯ ಮಾತಿಗೆ ಬಂದರೆ, ಕ್ಯಾಂಪಿನವರಿಗೆ ಶಿವಾಜಿ ಮಾರ್ಕೆಟ್ ಇದೆ. 1880ರ ದಶಕದಲ್ಲಿ ಕನಾಟ್ ಮಾರ್ಕೆಟ್ ಎಂಬ ಹೆಸರಿನಲ್ಲಿ ಕಟ್ಟಿದ ಈ ಕಲ್ಲಿನ ಮಂಡಿಯಲ್ಲಿ ತರಕಾರಿ, ಮಾಂಸ, ಮೀನು ಎಲ್ಲ ಸಿಗುತ್ತವೆ. ಬಾಡುವ ಮಾಲನ್ನು ರಾತ್ರಿಯವರೆಗೆ ಇಟ್ಟುಕೊಂಡು ಮಾರುವವರಿಗೆ ಲಾಭವಿಲ್ಲ, ಹಾಗಾಗಿ ಯಾವ ಸಂತೆಯಲ್ಲೂ ಸೊಪ್ಪಿನ ದರ ಅಂಗಡಿ ಎತ್ತುವ ಹೊತ್ತಿಗೆ ಇಳಿಯುತ್ತದೆ. ಅಂದೇ ರಾತ್ರಿ ಬೇಯಿಸುವುದಾದರೆ ಆ ಹೊತ್ತಿಗೆ ಹೋಗಬೇಕು. ಗುಡ್ಡೆ ಲೆಕ್ಕದಲ್ಲಿ ಮಾರುವ ‘ವಾಟಾ’ ಕಿಲೋ ದರಕ್ಕಿಂತ ಅಗ್ಗವಿರುತ್ತದೆ, ಆದರೆ ಅಡಿಯಲ್ಲಿರುವುದನ್ನು ನೋಡಿ ತೆಗೆದುಕೊಳ್ಳಿ. ಹೆಸರು ಗೊತ್ತಿರಲಿ: ಪುಂಡಿಪಲ್ಯ ಬೇಕಾದರೆ ಆಂಬಾಡಿ ಕೇಳಿ, ಸಬ್ಬಸಿಗೆಗೆ ಶೇಪೂ, ಗೋಳಿಸೊಪ್ಪಿಗೆ ಘೋಳ್, ಈರುಳ್ಳಿ ತಪ್ಪಲಿಗೆ ಕಾಂದ್ಯಾಚಿ ಪಾತ್, ಹುರಳಿಗೆ ಹುಲಗಾ. ಹೂಕೋಸಿನ ದಂಟು ಮತ್ತು ಎಳೆಯ ಎಲೆ, ಬೀಟ್‌ರೂಟಿನ ಸೊಪ್ಪು, ಮೂಲಂಗಿ ತಪ್ಪಲು, ನವಿಲುಕೋಸಿನ ಎಲೆ ಇವನ್ನೆಲ್ಲ ಮಾರುವವರೇ ಕಿತ್ತು ಬುಟ್ಟಿಗೆ ಎಸೆಯುತ್ತಾರೆ. ‘ಪಾಲಾ ರಾಹೂ ದ್ಯಾ’ ಎಂದರೆ ಸೊಪ್ಪು ಬಿಡಿಸದೆ ಕೊಡುತ್ತಾರೆ, ದುಡ್ಡು ಹೆಚ್ಚು ಕೇಳುವುದಿಲ್ಲ. ಹೂಕೋಸಿನ ದಂಟನ್ನು ಸಣ್ಣಗೆ ಹೆಚ್ಚಿ ಕಡಲೆಬೇಳೆ ಜೊತೆ ಬೇಯಿಸಿದರೆ ಹೂವಿಗಿಂತ ರುಚಿ ಎನ್ನುವವರಲ್ಲಿ ಈ ಲೇಖಕನೂ ಒಬ್ಬ.

ಈ ಎಲ್ಲದಕ್ಕೂ ಎದುರಾಗುವ ಗಟ್ಟಿ ಆಕ್ಷೇಪವೊಂದಿದೆ. ಬಡವರಿಗೆ ಸಗಟು ಕೊಳ್ಳಲಾಗುವುದಿಲ್ಲ. ದಿನಗೂಲಿಯವರು ದಿನದ ಮಟ್ಟಿಗೆ ಕೊಳ್ಳುತ್ತಾರೆ. ಪಾವ್ ಕಿಲೋ, ಹತ್ತು ರೂಪಾಯಿ ಪ್ಯಾಕೆಟ್ ಎಂದು ಕೊಂಡರೆ ಕಿಲೋಗೆ ಹೆಚ್ಚೇ ಬೀಳುತ್ತದೆ. ಈ ಮಾತು ಸರಿ, ‘ತಿಂಗಳ ದಿನಸಿ ಒಟ್ಟಿಗೆ ತನ್ನಿ’ ಎಂಬ ಉಪದೇಶ ಅವರಿಗೆ ಉತ್ತರವಲ್ಲ. ಆದರೆ ಎಲ್ಲವನ್ನೂ ಒಟ್ಟಿಗೆ ತರಬೇಕಾಗಿಲ್ಲ. ಒಂದು ವಾರ ಕೈಯಲ್ಲಿ ನೂರು ರೂಪಾಯಿ ಹೆಚ್ಚಿದ್ದರೆ ಅದು ಒಂದು ಕಿಲೋ ಕಡಲೆಬೇಳೆಯಾಗಲಿ. ಮುಂದಿನ ಬಾರಿ ಶೇಂಗಾ ಆಗಲಿ. ಕೆಡದ, ದರದ ಏರಿಳಿತಕ್ಕೆ ಸಿಗುವ ವಸ್ತುವನ್ನು ಮೊದಲು ಕೂಡಿಡುವುದು ಕ್ರಮ. ಕಡಲೆಹಿಟ್ಟಿನ ಪ್ಯಾಕೆಟ್ ಕೊಳ್ಳುವುದಕ್ಕಿಂತ ಬೇಳೆ ಕೊಂಡು ಗಿರಣಿಯಲ್ಲಿ ಬೀಸಿಸುವುದು ಮೇಲು. ಬೇಳೆಗಿಂತ ಅಗ್ಗಕ್ಕೆ ಬಿಡಿ ಕಡಲೆಹಿಟ್ಟು ಸಿಗುತ್ತಿದೆಯೆಂದರೆ ಅನುಮಾನಪಡಿ, ಅದರಲ್ಲಿ ಕೇಸರಿಬೇಳೆ ಬೆರೆತಿರುವ ಸಾಧ್ಯತೆಯಿದೆ. ಜೋಳವನ್ನು ಮಾತ್ರ ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿ. ಹಿಟ್ಟು ಹಳೆಯದಾದಂತೆ ಕಹಿಯಾಗುತ್ತದೆ, ರೊಟ್ಟಿ ತಟ್ಟುವಾಗ ಬಿರಿಯುತ್ತದೆ. ಸಜ್ಜೆ ಇನ್ನೂ ಬೇಗ ಕೆಡುತ್ತದೆ.

ಧಾನ್ಯದ ಖರ್ಚನ್ನೇ ಇಳಿಸುವ ದಾರಿಯೊಂದಿದೆ, ಊರು ಬಿಟ್ಟು ಬಂದ ಅನೇಕರು ಅದನ್ನು ಬಳಸುವುದಿಲ್ಲ. ಊರಿನ ರೇಷನ್ ಕಾರ್ಡ್ ಪುಣೆಯಲ್ಲಿ ನಡೆಯುವುದಿಲ್ಲ ಎಂಬ ನಂಬಿಕೆ ಹಳೆಯದು. 2020ರ ಜನವರಿಯಲ್ಲಿ ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ಸೇರಿದ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕವೂ ಮಹಾರಾಷ್ಟ್ರವೂ ಇದ್ದವು. 2013ರ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಚೀಟಿ ಇದ್ದವರಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕಿದೆ; 2023ರಿಂದ ಅದು ಉಚಿತ. ಆಧಾರ್ ಜೋಡಣೆಯಾಗಿ ಇ–ಕೆವೈಸಿ ಮುಗಿದಿದ್ದರೆ ಪುಣೆಯ ಯಾವುದೇ ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಬೆರಳೊತ್ತಿ ನಿಮ್ಮ ಪಾಲು ಪಡೆಯಬಹುದು, ಊರಲ್ಲಿರುವ ತಾಯಿತಂದೆ ಅದೇ ಚೀಟಿಯಲ್ಲಿ ತಮ್ಮ ಪಾಲು ಅಲ್ಲೇ ಪಡೆಯಬಹುದು. ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಸೇರಿಸಿ ಕೊಡುವುದು ಇಲ್ಲಿ ಸಿಗದು, ಕೇಂದ್ರದ ಪಾಲು ಮಾತ್ರ. ಧಾನ್ಯವೂ ಇಲ್ಲಿ ಹಂಚುವುದೇ: ಜೋಳ ಕೇಳಿದರೆ ಗೋಧಿ ಬರಬಹುದು. ಬರಲಿ, ನಾಲ್ಕು ಕಿಲೋ ಗೋಧಿಗೆ ಅರ್ಧ–ಮುಕ್ಕಾಲು ಕಿಲೋ ಕಡಲೆ ಬೆರೆಸಿ ಬೀಸಿಸಿದರೆ ಕಾಳಿನ ಜಾಗದ ಅರ್ಧ ಭಾಗ ಚಪಾತಿಯಲ್ಲೇ ತುಂಬಿದಂತೆ.

ರೊಟ್ಟಿ ಬಡಿಯಲು ಬಾರದವರು ಏನು ಮಾಡಬೇಕು? ಕೋಣೆಯಲ್ಲಿರುವ ಹುಡುಗರ ದೊಡ್ಡ ತಕರಾರು ಇದು, ನ್ಯಾಯವಾದದ್ದೂ ಹೌದು. ಜೋಳ ತಿನ್ನಲು ರೊಟ್ಟಿಯೇ ಆಗಬೇಕಿಲ್ಲ. ಜೋಳದ ನುಚ್ಚನ್ನು ನಾಲ್ಕೈದು ಪಟ್ಟು ನೀರಲ್ಲಿ ಕುಕ್ಕರಿನಲ್ಲಿ ಬೇಯಿಸಿದರೆ ಅನ್ನದ ಹಾಗೆ ಮಜ್ಜಿಗೆ, ಸಾರು, ಹಿಂಡಿ ಯಾವುದಕ್ಕೂ ಹೊಂದುತ್ತದೆ. ಜೋಳ, ಕಡಲೆ, ಗೋಧಿ ಹಿಟ್ಟು ಸೇರಿಸಿ ಈರುಳ್ಳಿ, ಸೊಪ್ಪು ಕಲಸಿ ಒದ್ದೆ ಬಟ್ಟೆಯ ಮೇಲೆ ತಟ್ಟಿ ಹೆಂಚಿಗೆ ಹಾಕಿದರೆ ತಾಲಿಪಟ್ಟು. ಅದಕ್ಕೆ ಅಕ್ಕನ ಕೈಚಳಕ ಬೇಡ. ಕರಾವಳಿಯವರು ಜೋಳಕ್ಕೆ ಒಗ್ಗಿಕೊಳ್ಳಬೇಕೆಂದೇನಿಲ್ಲ. ಕುಚಲಕ್ಕಿ ಗಂಜಿ, ಹುರಳಿ ಸಾರು, ಉಳಿದ ಸೊಪ್ಪಿನ ತಂಬುಳಿ ಕೂಡ ಅವೇ ನಾಲ್ಕು ಜಾಗ ತುಂಬುತ್ತವೆ. ಹುರಳಿ ಬೇಯಿಸಿದ ಕಟ್ಟು ಸಾರಿಗಾಯಿತು, ಕಾಳು ಪಲ್ಯಕ್ಕಾಯಿತು. ಒಂದೇ ಕುಕ್ಕರಿನಲ್ಲಿ ಎರಡು ಅಡುಗೆ.

ಒಲೆಯೇ ಇಲ್ಲದವರ ಪ್ರಶ್ನೆ ಬೇರೆ. ಬಾಡಿಗೆ ಕರಾರು, ವಿಳಾಸದ ಪುರಾವೆ ಇಲ್ಲದೆ ದೊಡ್ಡ ಸಿಲಿಂಡರಿನ ಸಂಪರ್ಕ ಸಿಗದವರಿಗೆ 5 ಕಿಲೋದ ‘ಛೋಟು’ ಸಿಲಿಂಡರ್ ಬರೀ ಗುರುತಿನ ಚೀಟಿಯ ಮೇಲೆ ಸಿಗುತ್ತದೆ. ಕಿಲೋ ಲೆಕ್ಕಕ್ಕೆ ಇದು ತುಟ್ಟಿ, ಆದರೂ ಹೊರಗೆ ತಿನ್ನುವುದಕ್ಕಿಂತ ಕಡಿಮೆ. ಗ್ಯಾಸ್ ತುಟ್ಟಿಯಾದಷ್ಟೂ ನೆನೆಹಾಕುವುದು ಮುಖ್ಯ: ರಾತ್ರಿಯಿಡೀ ನೆನೆದ ಕಾಳು ಕುಕ್ಕರಿನಲ್ಲಿ ಬೇಗ ಬೇಯುತ್ತದೆ. ಅಡುಗೆಯೇ ನಿಷಿದ್ಧವಾದ ಕೋಣೆಗಳಲ್ಲಿ ಇರುವವರಿಗೆ ಅವಲಕ್ಕಿ, ಚುರುಮುರಿ, ಪುಟಾಣಿ, ಶೇಂಗಾ, ಮೊಸರು ಇವೆ. ತೊಳೆದ ತೆಳು ಅವಲಕ್ಕಿಗೆ ಮೊಸರು, ಶೇಂಗಾ ಹಿಂಡಿ, ಹೆಚ್ಚಿದ ಈರುಳ್ಳಿ ಕಲಸಿದರೆ ಐದು ನಿಮಿಷದ ಊಟ. ನೆನೆಸಿ ಮೊಳಕೆ ಕಟ್ಟಿದ ಹೆಸರುಕಾಳನ್ನು ಚೆನ್ನಾಗಿ ತೊಳೆದು, ಸಾಧ್ಯವಾದರೆ ಬಿಸಿನೀರು ಹೊಯ್ದು ತೆಗೆದು ತಿನ್ನಿ. ರಾಜ್ಮಾವನ್ನು ಮಾತ್ರ ಎಂದಿಗೂ ಹಸಿಯಾಗಿ ಅಥವಾ ಅರೆಬೆಂದದ್ದಾಗಿ ತಿನ್ನಬಾರದು, ಅದರಲ್ಲಿರುವ ಲೆಕ್ಟಿನ್ ವಾಂತಿ ಬರಿಸುತ್ತದೆ.

‘ಇಷ್ಟೆಲ್ಲ ಯಾಕೆ, ಸರ್ಕಾರದ ಅಗ್ಗದ ಊಟವಿದೆಯಲ್ಲ’ ಎಂಬ ಮಾತೂ ಬರುತ್ತದೆ. ಸಿಗುವಲ್ಲಿ ತಿನ್ನಬೇಕು, ಅದರಲ್ಲಿ ಸಂಕೋಚವೇನೂ ಬೇಡ. ಮಹಾರಾಷ್ಟ್ರದಲ್ಲಿ 2020ರ ಜನವರಿ 26ರಂದು ಹತ್ತು ರೂಪಾಯಿಯ ಶಿವಭೋಜನ ಥಾಲಿ ಶುರುವಾಯಿತು. ಕರ್ನಾಟಕದಲ್ಲಿ 2017ರ ಆಗಸ್ಟಿನಲ್ಲಿ ಇಂದಿರಾ ಕ್ಯಾಂಟೀನ್ ಬಂದಿತ್ತು. ಪುಣೆಯಲ್ಲಿ ಬಾಬಾ ಆಢಾವರ ಹೊರೆಯಾಳು ಸಂಘಟನೆ ಹಮಾಲ್ ಪಂಚಾಯತ್ ಎಪ್ಪತ್ತರ ದಶಕದಲ್ಲೇ ‘ಕಷ್ಟಾಚಿ ಭಾಕರ್’ ಕೇಂದ್ರಗಳನ್ನು ತೆರೆದು ಹೊರೆಯಾಳುಗಳಿಗೆ ಲಾಭವಿಲ್ಲದ ದರಕ್ಕೆ ಊಟ ಹಾಕಿತು. ಆದರೆ 1995ರಲ್ಲಿ ಒಂದು ರೂಪಾಯಿಗೆ ಝುಣಕಾ–ಭಾಕರ್ ಕೊಡುವ ಸರ್ಕಾರಿ ಯೋಜನೆಯ ಕಥೆಯನ್ನೂ ನೆನೆಯಬೇಕು: ಕೆಲವೇ ವರ್ಷಗಳಲ್ಲಿ ಸಹಾಯಧನ ನಿಂತು ಹಲವು ಕೇಂದ್ರಗಳು ಸಾಮಾನ್ಯ ತಿಂಡಿ ಅಂಗಡಿಗಳಾದವು. ಜೊತೆಗೆ ಶಿವಭೋಜನದಂಥವು ಮಧ್ಯಾಹ್ನದ ಒಂದು ಹೊತ್ತಿಗೆ ಮಾತ್ರ, ಮನೆಯಲ್ಲಿ ಕೂತ ಮಗುವಿಗೂ ಮುದುಕರಿಗೂ ತಲುಪದಂತೆ ಇರುತ್ತವೆ. ಅವು ಒಂದು ಹೊತ್ತಿನ ಭಾರ ಇಳಿಸಿದರೆ ಉಳಿದ ಹೊತ್ತಿನ ಬೇಳೆಗೆ ದುಡ್ಡು ಮಿಗುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದೇ.

ಮನೆಯಲ್ಲಿ ಮಾಡುವುದು ಅಗ್ಗ ಎನ್ನುವಾಗ ಒಬ್ಬರ ದುಡಿಮೆಯನ್ನು ಸೊನ್ನೆ ಎಂದು ಹಿಡಿದಿರುತ್ತೇವೆ, ಸಾಮಾನ್ಯವಾಗಿ ಅದು ಹೆಣ್ಣಿನದು. ಬೆಳಿಗ್ಗೆ ನಾಲ್ಕು ಮನೆಯ ಪಾತ್ರೆ ತಿಕ್ಕಿ ಬಂದವಳಿಗೆ ‘ಕಾಳು ನೆನೆಹಾಕಿ ಮೊಳಕೆ ಕಟ್ಟು’ ಎನ್ನುವ ಲೇಖನ ಇನ್ನೊಂದು ಹೊರೆಯೇ. ಈ ಆಕ್ಷೇಪಕ್ಕೆ ಅಡುಗೆಯಲ್ಲಿ ಪೂರ್ತಿ ಉತ್ತರವಿಲ್ಲ. ಕೆಲಸ ಹಂಚಿಕೊಂಡರೆ ಮಾತ್ರ ಇದೆ. ಹಿಂಡಿ ಕುಟ್ಟುವುದು, ಕಾಳು ನೆನೆಹಾಕುವುದು, ಗಿರಣಿಗೆ ಹೋಗುವುದು, ಸಂಜೆ ಸೊಪ್ಪು ತಂದು ಬಿಡಿಸುವುದು ಗಂಡಸರೂ ದೊಡ್ಡ ಮಕ್ಕಳೂ ಮಾಡಬಹುದಾದ ಕೆಲಸಗಳು. ಸಮಯ ಉಳಿಸುವುದಕ್ಕೆ ಹಿಂಡಿಯೇ ದೊಡ್ಡ ಆಸರೆ. ಪಾವ್ ಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಹತ್ತು ಎಸಳು ಬೆಳ್ಳುಳ್ಳಿ, ಜೀರಿಗೆ, ಖಾರಪುಡಿ, ಉಪ್ಪು ಸೇರಿಸಿ ತರಿತರಿಯಾಗಿ ಕುಟ್ಟಿಟ್ಟರೆ ಹದಿನೈದು ದಿನ ಕೆಡದು. ದಣಿದ ರಾತ್ರಿ ಅನ್ನಕ್ಕೋ ಪಾವಿಗೋ ಅದೊಂದಿದ್ದರೆ ಕಾಳಿನ ಜಾಗ ಖಾಲಿ ಇರುವುದಿಲ್ಲ. ಶೇಂಗಾದಲ್ಲಿ ಮುಗ್ಗಲು ವಾಸನೆ, ಕಪ್ಪು–ಹಸಿರು ಬೂಷ್ಟು ಕಂಡರೆ ಹುರಿದು ಸರಿಮಾಡಲು ಹೋಗಬೇಡಿ, ಆ ವಿಷ ಹುರಿದರೂ ಹೋಗದು.

ಉಳಿದದ್ದನ್ನು ಬಳಸುವ ಬಗ್ಗೆಯೂ ಇಷ್ಟೇ ಎಚ್ಚರ ಬೇಕು. ಖಟಕ ರೊಟ್ಟಿ ಮುರಿದು ನೀರು ಚಿಮುಕಿಸಿ ಒಗ್ಗರಣೆ ಹಾಕುವುದು, ನಿನ್ನೆಯ ಅನ್ನ ಚಿತ್ರಾನ್ನ ಮಾಡುವುದು, ಒಣಗಿದ ಪಾವನ್ನು ಮಡಕಿ ಉಸಳಿಯ ರಸದಲ್ಲಿ ಅದ್ದಿ ತಿನ್ನುವುದು ಎಲ್ಲರಿಗೂ ಗೊತ್ತು. ಆದರೆ ಪುಣೆಯ ಏಪ್ರಿಲ್–ಮೇ ಸೆಕೆಯಲ್ಲಿ ಅನ್ನವನ್ನು ಕುಕ್ಕರಿನಲ್ಲೇ ಮುಚ್ಚಿ ರಾತ್ರಿಯೆಲ್ಲ ಬಿಟ್ಟರೆ ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಯ ವಿಷ ಮರುದಿನ ಬಿಸಿಮಾಡಿದರೂ ನಾಶವಾಗದು. ಅಗಲ ತಟ್ಟೆಗೆ ಹರವಿ ಬೇಗ ಆರಿಸಿ, ಫ್ರಿಜ್ ಇಲ್ಲದಿದ್ದರೆ ಬೆಳಗಿನ ತಿಂಡಿಗೇ ಮುಗಿಸಿ. ಲೋಳೆ ಕಂಡರೆ ದುಡ್ಡಿನ ಮುಖ ನೋಡದೆ ಚೆಲ್ಲಿ.

ಹಾಗಾದರೆ ಕಡಿಯುವುದು ಏನನ್ನು? ಮೊದಲು ಬಿಸ್ಕತ್ತು, ನೂಡಲ್ಸ್, ಕುರುಕಲು ಪ್ಯಾಕೆಟ್. ಆಮೇಲೆ ಹೊರಗಿನ ಚಹಾದ ಲೆಕ್ಕ: ದಿನಕ್ಕೆ ನಾಲ್ಕು ಕಟಿಂಗ್ ಎಂದರೆ ತಿಂಗಳಿಗೆ ಅದೇ ದುಡ್ಡಿನಲ್ಲಿ ಹಲವು ಕಿಲೋ ಬೇಳೆ. ಕರಿದದ್ದು ವಾರಕ್ಕೊಮ್ಮೆ ಆದರೆ ಎಣ್ಣೆ ತಾನೇ ಉಳಿಯುತ್ತದೆ. ತರಕಾರಿಯಲ್ಲಿ ಋತು ಮೀರಿದ್ದನ್ನು ಬಿಡಬಹುದು. ಪನೀರ್ ಬಿಟ್ಟರೆ ನಷ್ಟವಿಲ್ಲ. ಆದರೆ ಮನೆಯಲ್ಲಿ ಸಣ್ಣ ಮಗು, ಬಸುರಿ, ಬಾಣಂತಿ ಇದ್ದರೆ ಹಾಲಿನ ಮೇಲೆ, ತಿನ್ನುವವರಾದರೆ ಮೊಟ್ಟೆಯ ಮೇಲೆ ಕೈ ಹಾಕಬೇಡಿ. ಪ್ರೋಟೀನಿನ ದರದ ಲೆಕ್ಕ ಅವರಿಗೆ ಹಾಗೇ ಅನ್ವಯಿಸದು, ಮಗುವಿನ ಹೊಟ್ಟೆ ಚಿಕ್ಕದು, ರೊಟ್ಟಿ–ಜುಣಕದಿಂದಷ್ಟೇ ಅದಕ್ಕೆ ಬೇಕಾದ್ದು ತುಂಬುವುದಿಲ್ಲ. ಸೊಪ್ಪು–ಕಾಳಿನ ಕಬ್ಬಿಣ ಮೈಗೆ ಹತ್ತಬೇಕಾದರೆ ಊಟದ ಜೊತೆ ಅರ್ಧ ನಿಂಬೆಹಣ್ಣಾದರೂ ಇರಲಿ, ಊಟವಾದ ಕೂಡಲೇ ಚಹಾ ಕುಡಿಯುವ ರೂಢಿಯನ್ನು ಒಂದು ಗಂಟೆಯಾದರೂ ಮುಂದೂಡಿ. ನಿಂಬೆ ಹತ್ತು ರೂಪಾಯಿ ಮುಟ್ಟುವ ಬೇಸಿಗೆಯಲ್ಲಿ ಅದರ ಕೆಲಸವನ್ನು ಹಸಿ ಟೊಮೆಟೊ, ಹಸಿ ಎಲೆಕೋಸು ಮಾಡುತ್ತವೆ; ನೆಲ್ಲಿಕಾಯಿ ಸಿಗುವ ಚಳಿಗಾಲದಲ್ಲಿ ನಿಂಬೆಯೇ ಬೇಡ.